ತಂತಿ ಇಲ್ಲದ ಸ್ವಿಚ್ಚು

ಕನ್ನಡಕದವರು ಜೀಪು ಕೊಂಡದ್ದು ಗುಡ್ಡ ಹತ್ತಲಿಕ್ಕಲ್ಲ, ಬಾಮೈದ ಕೊಂಡಿದ್ದಾನಲ್ಲ ಎಂಬ ಒಂದೇ ಕಾರಣಕ್ಕೆ. ಇದನ್ನು ಅವರು ಯಾರ ಮುಂದೆಯೂ ಒಪ್ಪಿಕೊಂಡಿಲ್ಲ; ನಾವೂ ಒತ್ತಾಯ ಮಾಡುವುದು ಬೇಡ.

ಅವರದು ಪೇಟೆ ಬೀದಿಯ ತುದಿಯಲ್ಲಿ ಕನ್ನಡಕದ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಗಿರಾಕಿಗಳ ಮೂಗಿನ ಮೇಲೆ ಲೋಹದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತ, "ಹೀಗೆ ಚೆನ್ನಾಗಿ ಕಾಣುತ್ತಾ, ಹೀಗೆ ಚೆನ್ನಾಗಿ ಕಾಣುತ್ತಾ?" ಎಂದು ಕೇಳುವುದೇ ಅವರ ಉದ್ಯೋಗ. ಯಾರನ್ನೂ ಗದರಿಸಿ ಗೊತ್ತಿಲ್ಲ. ಗೇರು ಬದಲಿಸುವಾಗಲೂ ಗೇರಿನ ಅಪ್ಪಣೆ ಕೇಳಿ ಬದಲಿಸುವಂಥ ಮನುಷ್ಯ. ಅಂಥವರ ಮನೆ ಮುಂದೆ, ಸರ್ವೆ ಕಚೇರಿಯವರು ಹರಾಜು ಹಾಕಿದ್ದ ಹಳೇ ಹಸಿರು ಜೀಪೊಂದು ಬಂದು ನಿಂತಾಗ ಬೀದಿಯವರು, ಪಾಪ, ಯಾರೋ ನೆಂಟರು ಬಂದಿರಬೇಕು ಅಂದುಕೊಂಡರು.

ಮೊದಲ ಭಾನುವಾರವೇ ಬಾಮೈದ ಬಂದ. ಜೀಪಿನ ಸುತ್ತ ಎರಡು ಸುತ್ತು ಹಾಕಿ, ಬಾನೆಟ್ ಎತ್ತಿ ಒಳಗೆ ಇಣುಕಿದ.

"ಭಾವ, ಒಂದೇ ಬ್ಯಾಟರಿನಾ?"

ಒಂದೇ ಕಿಡ್ನಿನಾ ಎಂದು ಕೇಳುವ ಧ್ವನಿಯಲ್ಲಿ ಕೇಳಿದ.

"ಯಾಕಪ್ಪ, ಸಾಲದಾ?"

"ಕಾಡುಮೇಡಲ್ಲಿ ಗಾಡಿ ನಿಲ್ಲಿಸಿದಾಗ ಲೈಟು, ಫ್ಯಾನು ಎಲ್ಲ ಎರಡನೇ ಬ್ಯಾಟರಿಯಲ್ಲಿ ಓಡ್ಬೇಕು ಭಾವ. ಮೊದಲನೇದು ಗಾಡಿ ಸ್ಟಾರ್ಟ್ ಮಾಡೋದಕ್ಕೆ ಅಂತ ಹಾಗೇ ಉಳೀಬೇಕು. ಇಲ್ಲಾಂದ್ರೆ ಕಾಡಲ್ಲೇ ಸಂಸಾರ ಹೂಡ್ಬೇಕಾಗುತ್ತೆ. ನನ್ನ ಗಾಡಿಯಲ್ಲಿ ಎಂಟು ಸ್ವಿಚ್ಚಿದೆ, ಎರಡು ಮೀಟರಿದೆ."

ಕನ್ನಡಕದವರು ತಮ್ಮ ಜೀವಮಾನದಲ್ಲಿ ಕಾಡನ್ನು ನೋಡಿದ್ದು ಅಂಗಡಿಯ ಕ್ಯಾಲೆಂಡರಿನಲ್ಲಿ ಮಾತ್ರ. ಆದರೆ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಅದನ್ನೆಲ್ಲ ಹಾಕ್ಬೇಕು ಅಂತಲೇ ಇದೀನಿ," ಎಂದರು. "ಮೆಕ್ಯಾನಿಕ್ ಯಾಕೆ? ನಾನೇ ಹಾಕ್ತೀನಿ."

ಈ 'ನಾನೇ' ಎಂಬ ಎರಡಕ್ಷರವನ್ನು ಅವರು ನುಂಗಿಕೊಂಡಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮರುದಿನ ಬ್ಯಾಟರಿ ಅಂಗಡಿಗೆ ಹೋದರು. ಅಂಗಡಿಯವನು ಎರಡನೇ ಬ್ಯಾಟರಿ, ಎರಡು ಮುಳ್ಳಿನ ಮೀಟರು, ಕೆಂಪು ಕಪ್ಪು ವೈರಿನ ಸುರುಳಿ, ಫ್ಯೂಸು ಎಲ್ಲ ತೆಗೆದಿಟ್ಟು, "ಸ್ವಿಚ್ ಬೋರ್ಡು ಎಷ್ಟರದ್ದು ಕೊಡಲಿ ಸಾರ್? ನಿಮಗೆ ಐದು ಸಾಕಾಗುತ್ತೆ," ಎಂದ.

"ಎಂಟಕ್ಕಿಂತ ಜಾಸ್ತಿ ಯಾವುದಿದೆ?"

"ಹನ್ನೆರಡರದ್ದಿದೆ. ಆದ್ರೆ ನಿಮ್ಮ ಹತ್ರ ಹಾಕೋದಕ್ಕೆ ಹನ್ನೆರಡು ಸಾಮಾನು..."

"ಹನ್ನೆರಡರದ್ದೇ ಕೊಡಪ್ಪ."

ಮೂರು ಭಾನುವಾರ ಮನೆಯ ಹಜಾರ ಕಾರ್ಖಾನೆಯಾಯಿತು. ಊಟದ ತಟ್ಟೆಯಲ್ಲಿ ಫ್ಯೂಸು, ಸೋಫಾದ ಸಂದಿನಲ್ಲಿ ಸ್ಕ್ರೂ. "ರೀ, ನನ್ನ ಹೊಲಿಗೆ ಡಬ್ಬಿಗೆ ಕೆಂಪು ವೈರು ಹೇಗೆ ಬಂತು? ಅದಿರಲಿ, ನನ್ನ ಕತ್ತರಿ ಎಲ್ಲಿಗೆ ಹೋಯ್ತು?" ಎಂದು ಹೆಂಡತಿ ಕೇಳಿದರೆ, "ಎರಡನೇ ಬ್ಯಾಟರಿ ಹತ್ರ ನೋಡು," ಎಂದು ಉತ್ತರ ಬರುತ್ತಿತ್ತು. ಮೂರನೇ ಭಾನುವಾರ ಸಂಜೆಗೆ ಕೆಲಸ ಮುಗಿಯಿತು. ಒಂದನೇ ಸ್ವಿಚ್ಚಿಗೆ ಮುಂದಿನ ದೊಡ್ಡ ದೀಪ, ಎರಡಕ್ಕೆ ಹಿಂದಿನ ದೀಪ, ಮೂರಕ್ಕೆ ಫ್ಯಾನು, ನಾಲ್ಕಕ್ಕೆ ಚಕ್ರಕ್ಕೆ ಗಾಳಿ ತುಂಬುವ ಪಂಪು, ಐದಕ್ಕೆ ಎರಡೂ ಬ್ಯಾಟರಿಗಳನ್ನು ಕೂಡಿಸುವ ಬಿಡಿಸುವ ಏರ್ಪಾಡು. ಉಳಿದ ಏಳು ಸ್ವಿಚ್ಚುಗಳ ಹಿಂದೆ ಏನೂ ಇರಲಿಲ್ಲ. ಒತ್ತಿದರೆ ಟಿಕ್ ಅನ್ನುತ್ತಿದ್ದವು, ಅಷ್ಟೇ. ಆದರೆ ಬಹಳ ಗಟ್ಟಿಯಾಗಿ ಟಿಕ್ ಅನ್ನುತ್ತಿದ್ದವು.

ಇನ್ನು ಸ್ವಿಚ್ಚುಗಳ ಕೆಳಗೆ ಅಂಟಿಸಲು ಹೆಸರಿನ ಚೀಟಿ ಬೇಕು. ಎದುರುಮನೆಯಲ್ಲಿ ಟೈಪಿಸ್ಟಮ್ಮ ಇದ್ದರು. ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ದಸ್ತಾವೇಜು ಟೈಪ್ ಮಾಡಿ ನಿವೃತ್ತರಾದವರು. ಯಂತ್ರ ಮನೆಯಲ್ಲೇ ಇತ್ತು. ಕನ್ನಡಕದವರು ಕೊಟ್ಟ ಪಟ್ಟಿಯನ್ನು ಐದರ ತನಕ ಟೈಪ್ ಮಾಡಿ ಕೈ ನಿಲ್ಲಿಸಿದರು.

"ಆರು?"

"ಅದು ಖಾಲಿ ಬಿಡಿ."

"ಖಾಲಿ ಬಿಡೋದಾ?" ಟೈಪಿಸ್ಟಮ್ಮ ಕನ್ನಡಕದ ಮೇಲಿಂದ ನೋಡಿದರು. ಆ ಕನ್ನಡಕ ಇವರ ಅಂಗಡಿಯದೇ. "ಖಾಲಿ ಬಿಟ್ಟ ಜಾಗದಲ್ಲಿ ನಾಳೆ ಯಾರು ಏನು ಬೇಕಾದ್ರೂ ಬರ್ಕೊಳ್ಳಬಹುದು. ಮೂವತ್ತು ವರ್ಷದಲ್ಲಿ ಒಂದು ಕಾಗದದಲ್ಲೂ ನಾನು ಖಾಲಿ ಬಿಟ್ಟಿಲ್ಲ. ಹೇಳಿ, ಆರು?"

"ಆರು... ಏರು."

"ಏಳು?"

ಕನ್ನಡಕದವರು "ಸಮತೋಲನ," ಎಂದುಬಿಟ್ಟರು. ಆ ಮಾತು ಎಲ್ಲಿಂದ ಬಂತೋ ಅವರಿಗೂ ತಿಳಿಯದು. ಟೈಪಿಸ್ಟಮ್ಮನಿಗೆ ಅದು ಬಹಳ ಹಿಡಿಸಿತು. ಎಂಟರಿಂದ ಹನ್ನೆರಡರ ತನಕ 'ಮೀಸಲು' ಎಂದು ಹೊಡೆದು, ಕೊನೆಗೆ ರೂಢಿಯಂತೆ ಒಂದು ಅಡ್ಡಗೆರೆಯನ್ನೂ ಎಳೆದು ಕೊಟ್ಟರು.

ಮಾರನೆಯ ಸಂಜೆ ಪ್ರದರ್ಶನ. ಬಾಮೈದನನ್ನು ಕರೆಸಿದ್ದಾಯಿತು. ಮನೆಯಲ್ಲೇ ಇದ್ದ ಅತ್ತೆಯೂ ಗೇಟಿನ ತನಕ ಬಂದರು. ಗೇಟಿನ ತನಕ ಎಂದದ್ದಕ್ಕೆ ಕಾರಣವಿದೆ. ಅತ್ತೆಗೆ ಗಾಡಿ ಎಂದರೆ ಆಗದು. ಬಸ್ಸು ಹತ್ತಿದರೆ ಎರಡನೇ ತಿರುವಿಗೆ ವಾಂತಿ, ಕಾರಾದರೆ ಮೊದಲನೇ ತಿರುವಿಗೇ. ಅವರ ತಂಗಿಯ ಮನೆ ಕಲ್ಲುಗಣಿಯ ಆಚೆಯ ಗುಡ್ಡದ ಮೇಲಿದೆ. ದಾರಿಗೆ ನಲವತ್ತೊಂದು ತಿರುವು. ಹೀಗಾಗಿ ಅಕ್ಕತಂಗಿಯರು ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ನಾಲ್ಕು ತಿಂಗಳ ಹಿಂದೆ ತಂಗಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗಲೂ ಅತ್ತೆ ಫೋನಿನಲ್ಲೇ ಅತ್ತು, ಫೋನಿನಲ್ಲೇ ಬೈದು ಸುಮ್ಮನಾಗಿದ್ದರು.

ಕನ್ನಡಕದವರು ಒಂದೊಂದೇ ಸ್ವಿಚ್ಚು ಒತ್ತಿ ತೋರಿಸಿದರು. ಮುಂದಿನ ದೊಡ್ಡ ದೀಪ ಹೊತ್ತಿದಾಗ ಎದುರುಮನೆ ಗೋಡೆಯ ಸುಣ್ಣದ ಬಿರುಕೆಲ್ಲ ಕಂಡಿತು. ಬಾಮೈದ ಬೆರಳು ಮಡಚಿ ಎಣಿಸುತ್ತಿದ್ದ. ಹನ್ನೆರಡು ಮುಗಿದ ಮೇಲೆ ಬಗ್ಗಿ ಚೀಟಿಗಳನ್ನು ಓದಿದ.

"ಏಳನೇದು ಏನು ಭಾವ, ಸಮತೋಲನ?"

ಉತ್ತರ ಹುಡುಕುವಷ್ಟರಲ್ಲಿ ಅತ್ತೆ ಗೇಟಿನಿಂದಲೇ ಕೂಗಿದರು. "ಅಳಿಯಂದ್ರೇ, ಹೊಟ್ಟೆ ತೊಳಸದ ಹಾಗೆ ಮಾಡೋದಕ್ಕೆ ಇಷ್ಟರಲ್ಲಿ ಒಂದೂ ಇಲ್ವಾ?"

"ಅದೇ ಅತ್ತೆ, ಏಳನೇದು!" ಎಂದರು ಕನ್ನಡಕದವರು, ಮುಳುಗುವವನಿಗೆ ಹಗ್ಗ ಸಿಕ್ಕಂತೆ. "ಗಾಡಿ ಕುಲುಕಿದ್ರೂ ಒಳಗೆ ಕೂತವರಿಗೆ ಕುಲುಕಲ್ಲ."

ಇದನ್ನು ನಕ್ಕು ತಳ್ಳಿಹಾಕಬೇಕಾದವನು ಬಾಮೈದ. ಆದರೆ ತನಗೆ ಗೊತ್ತಿಲ್ಲದ ಸ್ವಿಚ್ಚೊಂದು ಲೋಕದಲ್ಲಿದೆ ಎಂದು ಒಪ್ಪಿಕೊಳ್ಳುವ ಜಾತಿಯವನಲ್ಲ ಅವನು. ಗಂಭೀರವಾಗಿ ತಲೆಯಾಡಿಸಿ, "ಹೌದಮ್ಮ, ಈಗಿನ ಹೊಸ ಗಾಡಿಗಳಲ್ಲಿ ಬರುತ್ತೆ. ನಾನೂ ಹಾಕಿಸ್ಬೇಕು ಅಂತಿದ್ದೆ," ಎಂದ.

ಮಗನ ಬಾಯಿಂದಲೇ ಬಂದ ಮೇಲೆ ಅತ್ತೆಗೆ ಇನ್ನೇನು ಸಂಶಯ? "ಹಾಗಾದ್ರೆ ನಾಳೆ ಬೆಳಗ್ಗೆ ತಂಗಿ ಮನೆಗೆ ಹೊರಡೋಣ," ಎಂದು ಒಳಗೆ ಹೋಗಿ ಸೀರೆ ಮಡಚಿಡತೊಡಗಿದರು.

ಬೆಳಗ್ಗೆ ಎಲ್ಲರೂ ಜೀಪು ಹತ್ತಿ ಕುಳಿತರು. ಕನ್ನಡಕದವರು ಕೀಲಿ ತಿರುಗಿಸಿದರು. ಜೀಪು ಕ್ಷೀಣವಾಗಿ ಕೆಮ್ಮಿ ಸುಮ್ಮನಾಯಿತು. ಒಂದನೇ ಮೀಟರಿನ ಮುಳ್ಳು ಮಾತ್ರ ಹೊಟ್ಟೆ ತುಂಬಿದವರಂತೆ ಬಲಗಡೆ ಒರಗಿ ಕುಳಿತಿತ್ತು. ಬೀದಿಯವರು ಸೇರಿ ತಳ್ಳಿದರು. ಟೈಪಿಸ್ಟಮ್ಮ ಕೂಡ ಒಂದು ಕೈ ಕೊಟ್ಟರು. ತಳ್ಳಿದಷ್ಟು ದೂರವೂ ಕನ್ನಡಕದವರು ಕಿಟಕಿಯಿಂದ ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದರೇ ಹೊರತು ಗೇರು ಹಾಕಲಿಲ್ಲ. ಕೊನೆಗೆ ಬ್ಯಾಟರಿ ಅಂಗಡಿಯವನು ಬಂದು ಬಾನೆಟ್ ಎತ್ತಿದ.

"ಸಾರ್, ಎರಡರಲ್ಲಿ ಮೊದಲನೇದು ಯಾವುದು ಅಂದ್ಕೊಂಡಿದೀರಿ?"

"ಎಡಗಡೇದು."

"ಅದು ಎರಡನೇದು. ನಿನ್ನೆ ಸಂಜೆಯೆಲ್ಲ ಸ್ಟಾರ್ಟಿಂಗ್ ಬ್ಯಾಟರಿ ಮೇಲೆ ದೀಪ ಉರಿಸಿ ಖಾಲಿ ಮಾಡಿದೀರಿ. ಮುಳ್ಳು ನೋಡ್ತಾ ಕೂತದ್ದು ಇನ್ನೊಂದರದ್ದು."

ತಂತಿಗಳನ್ನು ಅದಲುಬದಲು ಮಾಡಿ ಸರಿಪಡಿಸಿ, ಐದನೇ ಸ್ವಿಚ್ಚು ಒತ್ತಿ ತುಂಬಿದ ಬ್ಯಾಟರಿಯ ಸಹಾಯದಿಂದ ಗಾಡಿ ಹೊರಡಿಸಿಕೊಟ್ಟ. ಏಳನೆಯದರ ಕಡೆ ಅವನು ನೋಡಲಿಲ್ಲ. ನೋಡಬಾರದೆಂದು ಕನ್ನಡಕದವರು ಅದರ ಮುಂದೆ ಮೊಣಕೈ ಇಟ್ಟುಕೊಂಡು ನಿಂತಿದ್ದರು.

ಗಣಿಯ ದಾರಿ ಶುರುವಾಗುತ್ತಲೇ ಅತ್ತೆ ಹಿಂದಿನಿಂದ, "ಒತ್ತಿದ್ರಾ?" ಎಂದರು.

"ಒತ್ತಿದೆ ಅತ್ತೆ." ಟಿಕ್.

ಹೆಂಡತಿ ಪ್ಲಾಸ್ಟಿಕ್ ಚೀಲ ಬಿಡಿಸಿ ಹಿಡಿದುಕೊಂಡು ಕುಳಿತಳು. ಮೊದಲ ತಿರುವು ಬಂತು, ಹೋಯಿತು. ಎರಡನೆಯದೂ ಹೋಯಿತು. ಹತ್ತನೆಯದರಲ್ಲಿ ಅತ್ತೆ ಕಿಟಕಿಯಾಚೆ ನೋಡಿ, "ಎಷ್ಟು ಮನೆ ಆಗ್ಬಿಟ್ಟಿದೆ ಇಲ್ಲಿ!" ಎಂದರು. ಇಪ್ಪತ್ತೈದನೆಯದರಲ್ಲಿ ನೆಲಗಡಲೆ ಕೇಳಿದರು. ನಲವತ್ತೊಂದನೆಯದು ದಾಟಿದಾಗ ಹೆಂಡತಿ ಚೀಲವನ್ನು ಮಡಚಿ, ಗಂಡನ ಕಡೆಗೆ ಮದುವೆಯಾದ ಹೊಸತರಲ್ಲಿ ನೋಡುತ್ತಿದ್ದ ಹಾಗೆ ನೋಡಿದಳು. ಮೇಲೆ ತಲುಪಿದಾಗ ಅಕ್ಕತಂಗಿಯರು ತಬ್ಬಿಕೊಂಡು ಅತ್ತದ್ದು ಹತ್ತು ನಿಮಿಷ. ಒಂಬತ್ತು ವರ್ಷದ ಹಿಂದೆ ಒಂದು ಹಿತ್ತಾಳೆ ಪಾತ್ರೆ ಯಾರ ಮನೆಯಲ್ಲಿ ಉಳಿಯಿತು ಎಂದು ಜಗಳವಾಡಿದ್ದು ಎರಡು ಗಂಟೆ. ಇಬ್ಬರಿಗೂ ಪರಮಾನಂದವಾಯಿತು.

ವಾಪಸು ಬಂದ ಮೇಲೆ ಕನ್ನಡಕದವರು ಅಡುಗೆಮನೆಯಲ್ಲಿ ಹೆಂಡತಿಗೆ ಮೆಲ್ಲನೆ ನಿಜ ಹೇಳಿದರು. "ಲೇ, ಆ ಏಳನೇದರ ಹಿಂದೆ ಏನೂ ಇಲ್ಲ ಕಣೆ."

ಹೆಂಡತಿ ಸೌಟು ನಿಲ್ಲಿಸಲಿಲ್ಲ. "ಅಮ್ಮ ಒಂಬತ್ತು ವರ್ಷದ ಮೇಲೆ ತಂಗಿ ಮುಖ ನೋಡಿ ಬಂದಿದಾಳೆ. ನೀವು ಬಾಯಿ ಮುಚ್ಕೊಂಡು ಒತ್ತಿ."

ಪ್ರತಿ ಭಾನುವಾರ ಒತ್ತತೊಡಗಿದರು. ವಿಷಯ ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಟೈಪಿಸ್ಟಮ್ಮ ತಾವೇ ಟೈಪ್ ಮಾಡಿದ ಸ್ವಿಚ್ಚು ಎಂದು ಬೀದಿಯೆಲ್ಲ ಹೇಳಿದರು. ಬಾಮೈದ ಅವತ್ತೇ ಬ್ಯಾಟರಿ ಅಂಗಡಿಗೆ ಹೋಗಿ, "ಸಮತೋಲನದ್ದು ಒಂದು ಕೊಡಿ, ಭಾವನ ಗಾಡಿಯಲ್ಲಿರೋದಕ್ಕಿಂತ ದೊಡ್ಡದು," ಎಂದ. ಎರಡು ವಾರದಲ್ಲಿ ಬ್ಯಾಟರಿ ಅಂಗಡಿಯವನು ಕೆಂಡದಂಥ ಮುಖ ಹೊತ್ತು ಕನ್ನಡಕದ ಅಂಗಡಿಗೆ ಬಂದ. ಒಳಗೆ ಒಬ್ಬ ಗಿರಾಕಿ ಮೂಗಿನ ಮೇಲೆ ಚೌಕಟ್ಟು ಹೊತ್ತು ಕುಳಿತಿದ್ದ.

"ಸಾರ್, ಏನದು ಏಳನೇ ನಂಬರು? ಬೆಳಗ್ಗೆಯಿಂದ ಆರು ಜನ ಬಂದ್ರು. ಒಬ್ಬ ಬಸ್ ಡ್ರೈವರು, ಐವತ್ತೆರಡು ಸೀಟಿಗೆ ಆಗೋವಂಥದ್ದು ಕೊಡಿ ಅಂತಾನೆ! ಇಲ್ಲಪ್ಪ ಅಂದ್ರೆ, ಕನ್ನಡಕದವರಿಗೆ ಮಾತ್ರ ಕೊಡ್ತೀಯಾ ಅಂತ ಜಗಳಕ್ಕೆ ಬರ್ತಾನೆ. ನಾನು ನಿಮಗೆ ಕೊಟ್ಟದ್ದಾದರೂ ಏನು?"

"ಏನೂ ಕೊಟ್ಟಿಲ್ಲಪ್ಪ," ಎಂದರು ಕನ್ನಡಕದವರು ದೀನರಾಗಿ. "ಅದೇ ಕೆಲಸ ಮಾಡ್ತಿದೆ."

ಚೌಕಟ್ಟು ಹೊತ್ತಿದ್ದ ಗಿರಾಕಿ, "ನನಗೂ ಬಸ್ಸಲ್ಲಿ ತಲೆ ಸುತ್ತುತ್ತೆ ಸಾರ್," ಎಂದು ಕುರ್ಚಿಯಿಂದ ಎದ್ದ.

ಹೀಗಿರುವಾಗ ಜೀಪಿನ ಅರ್ಹತಾ ಪತ್ರದ ಅವಧಿ ಮುಗಿಯಿತು. ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರು ಗಾಡಿ ನೋಡಿ ಸಹಿ ಹಾಕಿದರೇ ಮುಂದಿನ ಓಡಾಟ. ತಪಾಸಣೆ ಮುಗಿಸಿ ಹಾಗೇ ತಂಗಿ ಮನೆಗೆ ಹೋಗೋಣವೆಂದು ಅತ್ತೆ ಹಿಂದಿನ ಸೀಟಿನಲ್ಲಿ ಕುಳಿತೇ ಬಂದರು.

ಇನ್‌ಸ್ಪೆಕ್ಟರು ನಗು ಎಂಬುದನ್ನು ಮನೆಯಲ್ಲಿಟ್ಟು ಬರುವವರು. ಬ್ರೇಕು ನೋಡಿದರು, ಹಾರನ್ನು ನೋಡಿದರು, ಎರಡು ಬ್ಯಾಟರಿಗಳನ್ನೂ ಮೀಟರುಗಳನ್ನೂ ನೋಡಿದರು. ಸ್ವಿಚ್ ಬೋರ್ಡಿಗೆ ಬಂದಾಗ ಪೆನ್ನು ನಿಂತಿತು.

"ಹನ್ನೆರಡಾ? ಒಂದೊಂದಾಗಿ ಒತ್ತಿ ತೋರಿಸಿ."

ಐದರ ತನಕ ಸಲೀಸಾಗಿ ನಡೆಯಿತು.

"ಆರು, ಏರು. ಏನಿದು?"

"ಏರು ಬಂದಾಗ... ಜ್ಞಾಪಕಕ್ಕೆ ಸಾರ್. ಏರು ಬಂತು ಅಂತ."

ಇನ್‌ಸ್ಪೆಕ್ಟರು ಅದನ್ನು ಹಾಗೇ ಬರೆದುಕೊಂಡರು. "ಏಳು?"

ಕನ್ನಡಕದವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅತ್ತೆಯೇ ಉತ್ತರಿಸಿದರು. "ಅದು ನನ್ನದು ಸಾರ್. ಒತ್ತಿದ್ರೆ ವಾಂತಿ ಬರಲ್ಲ."

"ಬಿಚ್ಚಿ," ಎಂದರು ಇನ್‌ಸ್ಪೆಕ್ಟರು.

ನಾಲ್ಕು ಸ್ಕ್ರೂ ತೆಗೆಯಲು ಕನ್ನಡಕದವರಿಗೆ ಕಾಲು ಗಂಟೆ ಹಿಡಿಯಿತು. ಬೋರ್ಡು ಕೆಳಗೆ ಬಿತ್ತು. ಐದು ಸ್ವಿಚ್ಚುಗಳ ಹಿಂದೆ ಜಡೆಯಂತೆ ಕೆಂಪು ಕಪ್ಪು ತಂತಿ. ಉಳಿದ ಏಳರ ಬೆನ್ನು ಬೋಳು. ಇನ್‌ಸ್ಪೆಕ್ಟರು ಪೆನ್ನಿನ ತುದಿಯಿಂದ ಏಳನೆಯದರ ಬೆನ್ನು ತಟ್ಟಿ, "ಏನಮ್ಮಾ, ನೋಡಿ. ಒಂದು ತಂತೀನೂ ಇಲ್ಲ. ಇದರಲ್ಲಿ ಏನೂ ಆಗಲ್ಲ," ಎಂದರು.

ಕನ್ನಡಕದವರು ನೆಲ ನೋಡುತ್ತ ನಿಂತರು. ತಂಗಿಯ ಮನೆ, ನೆಲಗಡಲೆ, ಹಿತ್ತಾಳೆ ಪಾತ್ರೆಯ ಜಗಳ ಎಲ್ಲವೂ ಆ ಬೋಳು ಬೆನ್ನಿನೊಂದಿಗೆ ಮುಗಿಯಿತು ಎಂದುಕೊಂಡರು. ಅತ್ತೆ ಮುಂದಕ್ಕೆ ಬಾಗಿ, ಕನ್ನಡಕ ಸರಿಮಾಡಿಕೊಂಡು, ಬೋರ್ಡಿನ ಹಿಂಭಾಗವನ್ನು ಆಮೂಲಾಗ್ರವಾಗಿ ನೋಡಿದರು.

"ಅಯ್ಯೋ ಅಳಿಯಂದ್ರೇ," ಎಂದರು. "ತಂತಿ ಇಲ್ಲದೇನೇ ಇಷ್ಟು ಕೆಲಸ ಮಾಡಿದೆ. ತಂತಿ ಹಾಕಿಬಿಟ್ರೆ ಇನ್ನೆಷ್ಟು ಮಾಡುತ್ತೋ!"

ಇನ್‌ಸ್ಪೆಕ್ಟರು ಪೆನ್ನನ್ನು ಬೋರ್ಡಿನಿಂದ ತೆಗೆದು ಪುಸ್ತಕ ಬಿಡಿಸಿದರು. ಅದರಲ್ಲಿ ಬರೆದರು: ಕೆಲಸವಿಲ್ಲದ ಸ್ವಿಚ್ಚುಗಳನ್ನು ತೆಗೆಯತಕ್ಕದ್ದು, ಇಲ್ಲವೇ ಕೆಲಸ ಕೊಡತಕ್ಕದ್ದು. ಮೂರು ದಿನ ಗಡುವು.

ಕನ್ನಡಕದವರು ಬ್ಯಾಟರಿ ಅಂಗಡಿಯವನನ್ನು ಮನೆಗೇ ಕರೆತಂದರು. ಆರು, ಎಂಟರಿಂದ ಹನ್ನೆರಡು ಕಿತ್ತು ತೂತುಗಳಿಗೆ ಕಪ್ಪು ಮುಚ್ಚಳ ಹಾಕಿದ್ದಾಯಿತು. ಏಳಕ್ಕೆ ಕೆಲಸ ಕೊಡಬೇಕಲ್ಲ? ಎರಡನೇ ಬ್ಯಾಟರಿಯ ಮೀಟರಿನೊಳಗೆ ಪುಟ್ಟ ದೀಪ ಹಾಕಿ, ಅದನ್ನು ಏಳಕ್ಕೆ ಸೇರಿಸಲು ನಿಶ್ಚಯವಾಯಿತು. ಈ ಒಂದು ಕೆಲಸವನ್ನು ಕನ್ನಡಕದವರು ತಾವೇ ಮಾಡಿದರು. ತಂತಿಯ ತುದಿ ಹದವಾಗಿ ಸುಲಿದು, ಹಿತ್ತಾಳೆಯ ಕೊಂಡಿಯಲ್ಲಿ ಬಿಗಿದು, ಫ್ಯೂಸು ಕೂರಿಸಿ, ಟೇಪು ಸುತ್ತಿ ಒತ್ತಿದರೆ ಮುಳ್ಳಿನ ಹಿಂದೆ ಜೇನುಬಣ್ಣದ ಬೆಳಕು.

"ಸಾರ್, ನಾನೂ ಇಷ್ಟು ಚೆನ್ನಾಗಿ ಮಾಡ್ತಿರಲಿಲ್ಲ," ಎಂದ ಅಂಗಡಿಯವನು. ಕನ್ನಡಕದವರು ಆ ದೀಪವನ್ನು ಇಪ್ಪತ್ತು ಸಲ ಹಚ್ಚಿ ಆರಿಸಿದರು.

ಟೈಪಿಸ್ಟಮ್ಮ ಮಾತ್ರ ಹಳೆಯ ಹೆಸರು ಹೊಡೆದುಹಾಕಲು ಒಪ್ಪಲಿಲ್ಲ. ದಾಖಲಾದದ್ದನ್ನು ಅಳಿಸುವ ಹಾಗಿಲ್ಲ, ಸೇರಿಸಬಹುದು ಅಷ್ಟೇ ಎಂದು 'ಸಮತೋಲನ ಮತ್ತು ಮೀಟರ್ ದೀಪ' ಎಂದು ಹೊಸ ಚೀಟಿ ಕೊಟ್ಟರು. ಇನ್‌ಸ್ಪೆಕ್ಟರು ಓದಿದರು, ಸ್ವಿಚ್ಚು ಒತ್ತಿದರು, ದೀಪ ಹೊತ್ತಿತು, ಸಹಿ ಹಾಕಿದರು.

ಕಚೇರಿಯಿಂದ ನೇರ ಗುಡ್ಡದ ದಾರಿ ಹಿಡಿದರು. ಟಿಕ್ ಎಂದು ಒತ್ತಿದರು. ದೀಪ ಬೆಳಗಿತು. ಮೊದಲ ತಿರುವಿನಲ್ಲೇ ಅತ್ತೆ ಮಾತು ನಿಲ್ಲಿಸಿದರು. ಎರಡನೆಯದರಲ್ಲಿ, "ಅಳಿಯಂದ್ರೇ..." ಎಂದರು. ಹೆಂಡತಿ ಈಗೀಗ ಚೀಲ ತರುವುದನ್ನೇ ಬಿಟ್ಟಿದ್ದಳು. ಮೂರನೆಯದರಲ್ಲಿ ಆಗಬೇಕಾದದ್ದು ಆಗಿಹೋಯಿತು. ಹೆಚ್ಚಿನ ಪಾಲು ಕನ್ನಡಕದವರ ಕಾಲರಿನ ಹಿಂಭಾಗಕ್ಕೆ ಸಂದಿತು.

ಜೀಪು ಪಕ್ಕಕ್ಕೆ ನಿಲ್ಲಿಸಿದರು. ಅತ್ತೆ ಕಲ್ಲಿನ ಮೇಲೆ ಕುಳಿತು ಬಾಯಿ ತೊಳೆದುಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನನಗೆ ಇನ್ನು ತಂಗಿ ಮುಖ ನೋಡೋ ಯೋಗ ಇಲ್ಲ ಬಿಡಿ."

ಕನ್ನಡಕದವರಿಗೆ ತಡೆಯಲಾಗಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು, "ಅತ್ತೆ, ನನ್ನನ್ನ ಕ್ಷಮಿಸ್ಬೇಕು. ಆ ಸ್ವಿಚ್ಚಲ್ಲಿ ಮೊದಲಿಂದಲೂ ಏನೂ ಇರಲಿಲ್ಲ. ನಾನು ಸುಳ್ಳು ಹೇಳಿದ್ದು. ಈಗಲೂ ಅದು ಬರೀ ಮೀಟರಿನ ದೀಪ," ಎಂದರು.

ಅತ್ತೆ ಅಳು ನಿಲ್ಲಿಸಿ ಅಳಿಯನನ್ನು ಕನಿಕರದಿಂದ ನೋಡಿದರು.

"ನಿಮಗೇನು ಗೊತ್ತು? ನೀವು ಯಾವತ್ತಾದ್ರೂ ಹಿಂದಿನ ಸೀಟಲ್ಲಿ ಕೂತಿದೀರಾ? ಮೊದಲು ಅದಕ್ಕೆ ಬೇರೆ ಕೆಲಸ ಇರಲಿಲ್ಲ, ಪೂರ್ತಿ ನನ್ನನ್ನೇ ನೋಡ್ಕೊಳ್ತಿತ್ತು. ಈಗ ಅರ್ಧ ಗಮನ ಆ ದೀಪಕ್ಕೆ ಹೋಗ್ತಿದೆ. ಕೀಳಿ ಆ ತಂತೀನ."

ಕನ್ನಡಕದವರು ಹೆಂಡತಿಯ ಮುಖ ನೋಡಿದರು. ಹೆಂಡತಿ ಗುಡ್ಡದ ಕಡೆ ನೋಡಿದಳು. ಅವರು ಎದ್ದು ಹೋಗಿ, ಬೋರ್ಡು ಇಳಿಸಿ, ತಮ್ಮ ಬದುಕಿನಲ್ಲಿ ಒಂದೇ ಒಂದು ಸಲ ಸರಿಯಾಗಿ ಹಾಕಿದ್ದ ಆ ತಂತಿಯನ್ನು ಇಕ್ಕಳದಿಂದ ಕಟ್ ಎನಿಸಿದರು. ಜೇನುಬಣ್ಣದ ಬೆಳಕು ಆರಿತು. ಉಳಿದ ಮೂವತ್ತೆಂಟು ತಿರುವನ್ನೂ ಅತ್ತೆ ಗೊರಕೆ ಹೊಡೆದು ದಾಟಿದರು.

ಗುಡ್ಡದ ಮೇಲೆ ತಂಗಿ ನಾಲ್ಕು ಕಾಲಿನ ಊರುಗೋಲು ಹಿಡಿದು ಅಂಗಳದಲ್ಲೇ ಕಾಯುತ್ತಿದ್ದರು. ಪಕ್ಕದಲ್ಲಿ ಒಂದು ಕೈಚೀಲ.

"ಡಾಕ್ಟರು ಓಡಾಡ್ಬಹುದು ಅಂದಿದಾರೆ. ನಾನೂ ನಿಮ್ಮ ಜೊತೆ ಕೆಳಗೆ ಬರ್ತೀನಿ, ಎರಡು ವಾರ ಇರ್ತೀನಿ," ಎಂದು ಜೀಪಿನ ಒಳಗೆ ಇಣುಕಿದರು. "ಆದ್ರೆ ನನಗೂ ಅಕ್ಕನ ಹಾಗೇ ವಾಂತಿ. ಏಳು ಅವಳದು ಅಂತ ಗೊತ್ತು. ನನ್ನದು ಯಾವುದು?"

ಅತ್ತೆ ಉದಾರವಾಗಿ, "ಅಳಿಯಂದ್ರು ನಿನಗೆ ಎಂಟು ಕೊಡ್ತಾರೆ," ಎಂದರು.

ಎಂಟರ ಜಾಗದಲ್ಲಿ ಸ್ವಿಚ್ಚೇ ಇರಲಿಲ್ಲ. ಬರೀ ಕಪ್ಪು ಮುಚ್ಚಳ. ಇಬ್ಬರೂ ಮುದುಕಿಯರು ಹಿಂದಿನ ಸೀಟಿನಲ್ಲಿ ಕೈ ಹಿಡಿದುಕೊಂಡು ಕುಳಿತು ಕಾದರು. ಕನ್ನಡಕದವರು ಹೆಬ್ಬೆರಳನ್ನು ಆ ಮುಚ್ಚಳದ ಮೇಲಿಟ್ಟು ಭಕ್ತಿಯಿಂದ ಅದುಮಿದರು.

"ಟಿಕ್ ಅನ್ನಲಿಲ್ವಲ್ಲ?" ಎಂದರು ತಂಗಿ.

"ಇದು ಅದಕ್ಕಿಂತ ಒಳ್ಳೇದು ಚಿಕ್ಕತ್ತೆ," ಎಂದು ಕನ್ನಡಕದವರು ಗೇರು ಹಾಕಿದರು. "ಸದ್ದೇ ಮಾಡಲ್ಲ."

ಅತ್ತೆಯ ಮುಖ ಸಣ್ಣದಾಯಿತು. ಮೊದಲ ತಿರುವಿಗೆ ಬರುವಷ್ಟರಲ್ಲಿ, ಮೊದಲಿನಿಂದ ಓಡಾಡಿದವಳು ತಾನು, ಒಳ್ಳೆಯದು ಮಾತ್ರ ಅವಳಿಗೆ ಹೇಗೆ ಎಂಬ ಜಗಳ ಶುರುವಾಯಿತು. ಅದು ಮನೆಯ ಗೇಟಿನ ತನಕ ನಡೆಯಿತು. ವಾಂತಿಯ ನೆನಪು ಇಬ್ಬರಿಗೂ ಬರಲಿಲ್ಲ.